ಮೊದಲ ಮೂರು ಚೌಕ ಖಾಲಿ ಇರಬೇಕು

ಸಾಗರದಲ್ಲಿ ಪದವಿ ತರಗತಿಗಳಿಗೆ ಭೌತವಿಜ್ಞಾನ ಕಲಿಸುವವಳು ಆದಿ ವಿಶ್ವದ ಗೆಲಾಕ್ಸಿಗಳ ಮೇಲೆ ಸಂಶೋಧನೆ ಮಾಡುತ್ತಿದ್ದಾಳೆ ಎಂದು ತಿಳಿದರೆ ಎಲ್ಲರೂ ಕೇಳುವುದು ಒಂದೇ ಪ್ರಶ್ನೆ: "ಕಾಲೇಜಿಗೆ ದೂರದರ್ಶಕ ಬಂತೇ ಮೇಡಂ?" ಬಂದಿಲ್ಲ. ಬರುವ ಸೂಚನೆಯೂ ಇಲ್ಲ. ಮಳೆಗಾಲ ಹಿಡಿದರೆ ತಿಂಗಳುಗಟ್ಟಲೆ ನಕ್ಷತ್ರವೇ ಕಾಣದ ಊರಿನಲ್ಲಿ ಅದು ಬಂದರೂ ಬೂಸ್ಟು ಹಿಡಿಯದಂತೆ ಒರೆಸಿ ಇಡುವುದೇ ಕೆಲಸವಾದೀತು. ನನಗೆ ಬೇಕಾದ ದೂರದರ್ಶಕ ಭೂಮಿಯಿಂದ 15 ಲಕ್ಷ ಕಿಲೋಮೀಟರ್ ಆಚೆ ಇದೆ. ಅದು ತೆಗೆದ ಚಿತ್ರಗಳು ಬಾಲ್ಟಿಮೋರ್‌ನ ಸಂಗ್ರಹದಲ್ಲಿ ಇವೆ. ಅಲ್ಲಿಂದ ಯಾರು ಬೇಕಾದರೂ ಇಳಿಸಿಕೊಳ್ಳಬಹುದು, ಒಂದು ಪೈಸೆ ಖರ್ಚಿಲ್ಲದೆ.

ಜೇಮ್ಸ್ ವೆಬ್ ದೂರದರ್ಶಕ ಹಾರಿದ್ದು 2021ರ ಡಿಸೆಂಬರ್ 25ರಂದು. ಚಿನ್ನದ ಲೇಪವಿರುವ 18 ತುಂಡುಗಳು ಸೇರಿ ಆದ 6.5 ಮೀಟರ್ ಅಗಲದ ಕನ್ನಡಿ ಅದರದು. ವೀಕ್ಷಣೆಗೆ ಅರ್ಜಿ ಹಾಕಿ ಸಮಯ ಗಿಟ್ಟಿಸಿದವರಿಗೆ ಸಾಮಾನ್ಯವಾಗಿ ದತ್ತಾಂಶ ಒಂದು ವರ್ಷ ಮೀಸಲಿರುತ್ತದೆ. ಆದರೆ ಮೊದಲ ವರ್ಷದ ಕೆಲವು ಯೋಜನೆಗಳಿಗೆ ಈ ಬೀಗವೇ ಇರಲಿಲ್ಲ. ಅವುಗಳಲ್ಲಿ ಒಂದು, ಟೆಕ್ಸಾಸ್ ವಿಶ್ವವಿದ್ಯಾಲಯದ ಸ್ಟೀವನ್ ಫಿಂಕೆಲ್‌ಸ್ಟೈನ್ ಮುಂದಾಳತ್ವದ 'ಸೀರ್ಸ್'. ಅದು ನೋಡಿದ್ದು ಸಪ್ತರ್ಷಿ ಮಂಡಲದ ಬಾಲದ ತುದಿಯಲ್ಲಿರುವ ಮರೀಚಿ ನಕ್ಷತ್ರದಿಂದ ಸ್ವಲ್ಪ ಆಚೆಗಿನ ಜಾಗವನ್ನು. ಹುಣ್ಣಿಮೆ ಚಂದ್ರ ಮುಚ್ಚುವಷ್ಟು ಆಕಾಶದ ಎಂಟನೇ ಒಂದು ಪಾಲು. ಏಪ್ರಿಲ್, ಮೇ ತಿಂಗಳ ರಾತ್ರಿ ನಮ್ಮ ಅಂಗಳದಲ್ಲಿ ಉತ್ತರಕ್ಕೆ ಮುಖ ಮಾಡಿ ನಿಂತರೆ ಆ ದಿಕ್ಕನ್ನು ಬೆರಳು ಮಾಡಿ ತೋರಿಸಬಹುದು. ತೋರಿಸಿದ್ದೇನೆ ಕೂಡ. ನೋಡಿದವರು "ಅಲ್ಲೇನೂ ಇಲ್ಲವಲ್ಲ" ಎಂದರು. ಇಲ್ಲದ ಜಾಗವೆಂದೇ ಅದನ್ನು ಆರಿಸಿದ್ದು. ಹತ್ತಿರದ ನಕ್ಷತ್ರಗಳ ಕಾಟ ಕಡಿಮೆ ಇದ್ದಷ್ಟೂ ದೂರದ್ದನ್ನು ನೋಡುವುದು ಸುಲಭ.

ಈ ವಿಷಯ ನನಗೇಕೆ ಹತ್ತಿತು ಎಂದರೆ, ಬಡ್ತಿಗೆ ಪಿಎಚ್.ಡಿ. ಬೇಕು, ಮುಚ್ಚಿಡುವುದೇಕೆ. ನನ್ನ ಓರಗೆಯವರೆಲ್ಲ ತೆಳುಪದರ, ನ್ಯಾನೊ ಕಣ ಎಂದು ನೋಂದಾಯಿಸಿಕೊಂಡರು. ಅದಕ್ಕೆ ಕುಲುಮೆ ಬೇಕು, ರಾಸಾಯನಿಕ ಬೇಕು, ಮಾದರಿಗಳನ್ನು ಹಿಡಿದುಕೊಂಡು ಯಾವುದೋ ದೊಡ್ಡ ಊರಿನ ಯಂತ್ರದ ಮುಂದೆ ಸರದಿ ಕಾಯಬೇಕು. ನನಗೆ ಇದ್ದದ್ದು ಒಂದು ಲ್ಯಾಪ್‌ಟಾಪ್ ಮತ್ತು ಮಗ ಮಲಗಿದ ಮೇಲಿನ ಹೊತ್ತು. ಪುಣೆಯ ಐಯುಕಾ ನನ್ನಂಥವರಿಗೆ ದೊಡ್ಡ ಆಸರೆ. ವಿಶ್ವವಿದ್ಯಾಲಯ ಮತ್ತು ಕಾಲೇಜಿನ ಅಧ್ಯಾಪಕರು ಬಂದು ಕುಳಿತು ಖಗೋಳ ಸಂಶೋಧನೆ ಮಾಡಲಿ ಎಂಬ ಉದ್ದೇಶದಿಂದಲೇ 1988ರಲ್ಲಿ ಆ ಕೇಂದ್ರವನ್ನು ಕಟ್ಟಿದ್ದು. ರಜೆಯಲ್ಲಿ ಅಲ್ಲಿಗೆ ಹೋಗಿ ಗ್ರಂಥಾಲಯದಲ್ಲಿ, ಕಂಪ್ಯೂಟರ್ ಕೋಣೆಯಲ್ಲಿ ಕಳೆದ ದಿನಗಳಲ್ಲಿ ನಾನು ಕಲಿತಷ್ಟನ್ನು ಊರಿನಲ್ಲಿ ಒಂಟಿಯಾಗಿ ಕುಳಿತು ಕಲಿಯಲು ಸಾಧ್ಯವಿರಲಿಲ್ಲ.

ಇನ್ನು ಕೆಲಸದ ವಿಷಯ. ಆದಿ ವಿಶ್ವದ ಗೆಲಾಕ್ಸಿ ಎಂದರೆ ಪತ್ರಿಕೆಯಲ್ಲಿ ಬರುವ ಸುರುಳಿ ತೋಳುಗಳ ಚಿತ್ರ ಕಣ್ಣ ಮುಂದೆ ಬರಬಹುದು. ನನ್ನ ಪಾಲಿಗೆ ಅದು ಒಂದೇ ಸಾಲಿನಲ್ಲಿ ಜೋಡಿಸಿದ ಒಂಬತ್ತು ಚಿಕ್ಕ ಚೌಕಗಳು. ಒಂಬತ್ತರಲ್ಲೂ ಆಕಾಶದ ಒಂದೇ ಚೂರು. ಒಂದೊಂದು ಚೌಕವೂ ಒಂದು ಬಗೆಯ ಬೆಳಕನ್ನು ಮಾತ್ರ ಒಳಬಿಡುವ ಒಂದೊಂದು ಫಿಲ್ಟರ್‌ನಲ್ಲಿ ತೆಗೆದದ್ದು. ಎಡಗಡೆಯ ಎರಡು ಹಬಲ್ ದೂರದರ್ಶಕದವು, ಕಣ್ಣಿಗೆ ಕಾಣುವ ಬೆಳಕಿನಲ್ಲಿ ಮತ್ತು ಅದರಾಚೆಯ ಅಂಚಿನಲ್ಲಿ ತೆಗೆದವು. ಉಳಿದ ಏಳು ವೆಬ್‌ನವು, 1 ಮೈಕ್ರಾನ್‌ನಿಂದ 5 ಮೈಕ್ರಾನ್‌ವರೆಗಿನ ಅವಕೆಂಪಿನಲ್ಲಿ ತೆಗೆದವು (ಮೈಕ್ರಾನ್ ಎಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು). ಮೊದಲ ಮೂರು ಚೌಕಗಳಲ್ಲಿ ಬೂದು ಬಣ್ಣದ ಕಣಕಣ ಬಿಟ್ಟರೆ ಏನೂ ಇರಬಾರದು. ನಾಲ್ಕನೆಯದರಲ್ಲಿ ನಡುವೆ ಒಂದು ಮಸುಕು ಕಲೆ ಏಳಬೇಕು. ಐದರಿಂದ ಮುಂದೆ ಅದು ಉಳಿಯಬೇಕು. ಹಾಗಿದ್ದರೆ ಅದು ಬಿಗ್ ಬ್ಯಾಂಗ್ ಆದ ಸುಮಾರು 50 ಕೋಟಿ ವರ್ಷಕ್ಕೆ ಇದ್ದ ಗೆಲಾಕ್ಸಿ ಆಗಿರಬಹುದು. ಆಗಿರಬಹುದು, ಅಷ್ಟೇ.

ಇದರ ಹಿಂದಿನ ಭೌತವಿಜ್ಞಾನವನ್ನು ಬಿ.ಎಸ್ಸಿ. ಮಕ್ಕಳಿಗೆ ಕರಿಹಲಗೆಯ ಮೇಲೆ ಹತ್ತು ನಿಮಿಷದಲ್ಲಿ ಹೇಳಬಹುದು. ಆ ಕಾಲದಲ್ಲಿ ಗೆಲಾಕ್ಸಿಗಳ ನಡುವಿನ ಜಾಗದಲ್ಲಿ ತಟಸ್ಥ ಜಲಜನಕ ತುಂಬಿತ್ತು. 0.1216 ಮೈಕ್ರಾನ್‌ಗಿಂತ ಕಡಿಮೆ ತರಂಗಾಂತರದ ಬೆಳಕನ್ನು ಅದು ನುಂಗಿಬಿಡುತ್ತದೆ. ಆದ್ದರಿಂದ ಗೆಲಾಕ್ಸಿಯಿಂದ ಹೊರಟ ಬೆಳಕಿಗೆ ಆ ಗಡಿಯಲ್ಲಿ ಕತ್ತರಿ ಬೀಳುತ್ತದೆ. ಮುಂದೆ ಆ ಬೆಳಕು ನಮ್ಮತ್ತ ಪಯಣಿಸುವಾಗ ವಿಶ್ವ ಹಿಗ್ಗುತ್ತಾ ಹೋಗುತ್ತದೆ, ಅದರೊಂದಿಗೆ ತರಂಗವೂ ಹಿಗ್ಗುತ್ತದೆ. ಈ ಹಿಗ್ಗನ್ನು ಹೇಳುವ ಅಂಕಿಯೇ ಕೆಂಪು ಪಲ್ಲಟ. ಅದು 10 ಎಂದರೆ ಹನ್ನೊಂದು ಪಟ್ಟು ಹಿಗ್ಗಿದೆ ಎಂದರ್ಥ. 0.1216ನ್ನು 11ರಿಂದ ಗುಣಿಸಿದರೆ 1.34 ಮೈಕ್ರಾನ್. ವೆಬ್‌ನ ಎಫ್115ಡಬ್ಲ್ಯೂ ಎಂಬ ಫಿಲ್ಟರ್ 1.0ರಿಂದ 1.3 ಮೈಕ್ರಾನ್‌ವರೆಗೆ ನೋಡುತ್ತದೆ. ಅದಕ್ಕೆ ಈ ಗೆಲಾಕ್ಸಿ ಕಾಣುವುದಿಲ್ಲ. ಮುಂದಿನ ಎಫ್150ಡಬ್ಲ್ಯೂಗೆ ಕಾಣುತ್ತದೆ. ಇಂಥದ್ದೇ ಉಪಾಯವನ್ನು ಇನ್ನೂ ಹತ್ತಿರದ ಗೆಲಾಕ್ಸಿಗಳಿಗೆ ಚಾರ್ಲ್ಸ್ ಸ್ಟೈಡೆಲ್ ಮತ್ತು ಸಂಗಡಿಗರು 1990ರ ದಶಕದಲ್ಲಿ ಬಳಸಿ ತೋರಿಸಿದ್ದರು. ಹಬಲ್ ಅದನ್ನು ದೂರ ದೂರಕ್ಕೆ ಒಯ್ದಿತು. ವೆಬ್ ಅಲ್ಲಿಂದಾಚೆಗೆ ಹೋಯಿತು.

ಈ ಉಪಾಯದ ಸ್ವಭಾವವೇ ವಿಚಿತ್ರ. ಇಲ್ಲಿ ಗೆಲಾಕ್ಸಿ ಎಲ್ಲಿ ಕಾಣುತ್ತದೆ ಎನ್ನುವುದಕ್ಕಿಂತ ಎಲ್ಲಿ ಕಾಣುವುದಿಲ್ಲ ಎನ್ನುವುದಕ್ಕೆ ಬೆಲೆ ಹೆಚ್ಚು. ಕಂಡದ್ದನ್ನು ಕಂಡೆ ಎನ್ನಲು ಯಾರಿಗೂ ಕಷ್ಟವಿಲ್ಲ. ಆದರೆ ಈ ಚೌಕ ನಿಜವಾಗಿಯೂ ಖಾಲಿ, ನನ್ನ ಚಿತ್ರ ಮಂದವಾಗಿದ್ದರಿಂದ ಖಾಲಿ ಕಾಣುತ್ತಿರುವುದಲ್ಲ ಎಂದು ಹೇಳಬೇಕಾದರೆ ಬೆವರು ಬರುತ್ತದೆ. ನನ್ನ ಕೆಲಸದ ಮುಕ್ಕಾಲು ಪಾಲು ಹೋದದ್ದು ಅದಕ್ಕೇ.

ಇಳಿಸಿಕೊಳ್ಳುವುದರಲ್ಲೇ ಮೊದಲ ಗೋಳು. ಒಂದೊಂದು ಫಿಲ್ಟರ್‌ನ ಚಿತ್ರವೂ ಗಿಗಾಬೈಟ್‌ಗಟ್ಟಲೆ. ಮನೆಯ ಸಂಪರ್ಕ ಗಾಳಿ ಬೀಸಿದರೆ ಕಡಿಯುತ್ತದೆ. ಅರ್ಧ ಇಳಿದ ಕಡತ ಮತ್ತೆ ಮೊದಲಿನಿಂದ ಶುರು. ಪುಣೆಗೆ ಹೋದಾಗ ಹಾರ್ಡ್ ಡಿಸ್ಕ್ ತುಂಬಿಸಿಕೊಂಡು ಬರುವುದೇ ಸರಿ ಎಂದು ಬೇಗ ಗೊತ್ತಾಯಿತು. ಜೊತೆಗೆ ಆವೃತ್ತಿಗಳ ತಕರಾರು. 2022ರ ಜುಲೈನಲ್ಲಿ ಬಂದ ಮೊದಲ ಚಿತ್ರಗಳ ಪ್ರಕಾಶದ ಅಳತೆಗೋಲು ಕೆಲವೇ ವಾರಗಳಲ್ಲಿ ಪರಿಷ್ಕರಣೆಯಾಯಿತು. ಆ ಅವಸರದಲ್ಲಿ ಪ್ರಬಂಧ ಹಾಕಿದ ದೊಡ್ಡ ತಂಡಗಳೇ ತಮ್ಮ ದೂರದ ಅಂದಾಜುಗಳನ್ನು ಮತ್ತೆ ಲೆಕ್ಕ ಹಾಕಬೇಕಾಯಿತು. ತಡವಾಗಿ ಹೊರಟವಳಿಗೆ ಪಕ್ವಗೊಂಡ ದತ್ತಾಂಶ ಸಿಕ್ಕಿತು. ಹಿಂದುಳಿದವರಿಗೂ ಕೆಲವು ಲಾಭಗಳಿವೆ.

ಮುಂದಿನದು ಎಲ್ಲ ಫಿಲ್ಟರ್‌ಗಳ ಚಿತ್ರವನ್ನೂ ಒಂದೇ ಮಟ್ಟದ ಮಸುಕಿಗೆ ತರುವುದು. ತರಂಗಾಂತರ ಹೆಚ್ಚಾದಷ್ಟೂ ದೂರದರ್ಶಕ ಚುಕ್ಕೆಯನ್ನು ಹೆಚ್ಚು ಹರಡುತ್ತದೆ. 1.15 ಮೈಕ್ರಾನ್‌ನಲ್ಲಿ ಚೂಪಾಗಿ ಕಾಣುವ ನಕ್ಷತ್ರ 4.4 ಮೈಕ್ರಾನ್‌ನಲ್ಲಿ ಮೂರು ನಾಲ್ಕು ಪಟ್ಟು ದಪ್ಪ. ಹಾಗೇ ಅಳೆದರೆ ಒಂದೇ ಅಳತೆಯ ವೃತ್ತದೊಳಗೆ ಒಂದರಲ್ಲಿ ಬೆಳಕೆಲ್ಲ ಇರುತ್ತದೆ, ಇನ್ನೊಂದರಲ್ಲಿ ಅರ್ಧ ಹೊರಗೆ ಚೆಲ್ಲಿರುತ್ತದೆ. ಆದ್ದರಿಂದ ಒಳ್ಳೆಯ ಚಿತ್ರಗಳನ್ನು ಬೇಕೆಂದೇ ಕೆಡಿಸಬೇಕು. ಅಷ್ಟು ಕೋಟಿ ಖರ್ಚು ಮಾಡಿ ತೆಗೆದ ಚೂಪು ಚಿತ್ರವನ್ನು ನನ್ನ ಹಳೆಯ ಲ್ಯಾಪ್‌ಟಾಪ್‌ನಲ್ಲಿ ಮಸುಕು ಮಾಡುವಾಗ ಮೊದಮೊದಲು ಕೈ ಹಿಂಜರಿಯುತ್ತಿತ್ತು.

ಆಮೇಲೆ ಬಂತು ಖಾಲಿ ಜಾಗದ ಲೆಕ್ಕ. ನಾವು ಹುಡುಕುವ ಗೆಲಾಕ್ಸಿಗಳು ಬರಿಗಣ್ಣಿಗೆ ಕಾಣುವ ಅತಿ ಮಂದ ನಕ್ಷತ್ರಕ್ಕಿಂತ ಹತ್ತಾರು ಕೋಟಿ ಪಟ್ಟು ಮಂದ. ಆ ಮಟ್ಟದಲ್ಲಿ ಆಕಾಶದ ಹಿನ್ನೆಲೆ ಎಂದೂ ನಿಶ್ಚಲವಲ್ಲ, ಅದರಲ್ಲೇ ಏರಿಳಿತ ಇರುತ್ತದೆ. ಅದು ಎಷ್ಟು ಎಂದು ಸಾಫ್ಟ್‌ವೇರ್ ಒಂದು ಅಂಕಿ ಕೊಡುತ್ತದೆ, ಆ ಅಂಕಿ ನಂಬಿಕೆಗೆ ಅರ್ಹವಲ್ಲ. ಹಲವು ಚಿತ್ರಗಳನ್ನು ಹೊಂದಿಸಿ ಒಂದರ ಮೇಲೊಂದು ಕೂಡಿಸುವಾಗ ಪಕ್ಕಪಕ್ಕದ ಪಿಕ್ಸೆಲ್‌ಗಳು ಈ ಏರಿಳಿತವನ್ನು, ಅಂದರೆ ಗದ್ದಲವನ್ನು, ಹಂಚಿಕೊಂಡುಬಿಡುತ್ತವೆ. ಅದರಿಂದ ಏರಿಳಿತ ಇರುವುದಕ್ಕಿಂತ ಕಡಿಮೆ ತೋರುತ್ತದೆ. ನನ್ನ ಮಾರ್ಗದರ್ಶಕರು ಹೇಳಿಕೊಟ್ಟ ದಾರಿ ಒರಟು, ಆದರೆ ಪ್ರಾಮಾಣಿಕ: ಏನೂ ಇಲ್ಲ ಎನ್ನಿಸುವ ಜಾಗಗಳನ್ನು ಹುಡುಕಿ, ಚಿತ್ರದ ತುಂಬ ಸಾವಿರಾರು ಪುಟ್ಟ ವೃತ್ತಗಳನ್ನು ಚೆಲ್ಲಿ, ಒಂದೊಂದರೊಳಗಿನ ಬೆಳಕನ್ನೂ ಅಳೆಯುವುದು. ಕೆಲವು ವೃತ್ತ ಧನ ಅಂಕಿ ಕೊಡುತ್ತವೆ, ಕೆಲವು ಋಣ. ಎಲ್ಲವನ್ನೂ ನಕ್ಷೆಗೆ ಹಾಕಿದರೆ ಸೊನ್ನೆಯ ಸುತ್ತ ಗಂಟೆಯಾಕಾರದ ದಿಬ್ಬ ಏಳುತ್ತದೆ. ಆ ದಿಬ್ಬದ ಅಗಲವೇ ನಿಜವಾದ ಗದ್ದಲ. ನನ್ನ ಗೆಲಾಕ್ಸಿಯ ಮೊದಲ ಮೂರು ಚೌಕಗಳಲ್ಲಿ ಸಿಗುವ ಬೆಳಕು ಆ ಅಗಲದ ಎರಡು ಪಟ್ಟಿಗಿಂತ ಕಡಿಮೆ ಇದ್ದರೆ ಮಾತ್ರ ಖಾಲಿ ಎಂದು ಬರೆಯುವ ಹಕ್ಕು ನನಗಿದೆ.

ಈ ಹಂತದಲ್ಲಿ ಮನೆಯವರು ಬಂದು ಪರದೆ ನೋಡಿದರು. "ಏನು ಅಳೆಯುತ್ತಿದ್ದೀಯ?" "ಏನೂ ಇಲ್ಲದ್ದನ್ನು." "ಸಂಬಳ ಕೊಡುತ್ತಾರಾ ಇದಕ್ಕೆ?" ಇಲ್ಲ, ಅದೂ ಇಲ್ಲ.

ಅಲ್ಲಿಂದ ಮುಂದೆ ಕಂಪ್ಯೂಟರ್ ಈ ಷರತ್ತಿಗೆ ಹೊಂದುವ ಕಲೆಗಳ ಪಟ್ಟಿ ಕೊಡುತ್ತದೆ. ಆ ಪಟ್ಟಿಯಲ್ಲಿ ಬಹುಪಾಲು ಕಸ. ಅದನ್ನು ಕಣ್ಣಿನಿಂದಲೇ ತೆಗೆಯಬೇಕು, ಬೇರೆ ದಾರಿಯಿಲ್ಲ. ಪ್ರಕಾಶಮಾನ ನಕ್ಷತ್ರದ ಸುತ್ತ ಏಳುವ ಆರು ಚೂಪು ಕಿರಣಗಳ ತುದಿಗಳು ಗೆಲಾಕ್ಸಿಯ ವೇಷ ಹಾಕುತ್ತವೆ. ಬಾಹ್ಯಾಕಾಶದ ಶಕ್ತಿಯುತ ಕಣ ಡಿಟೆಕ್ಟರ್‌ಗೆ ಬಡಿದು ದುಂಡಗಿನ ಕಲೆ ಬಿಡುತ್ತದೆ. ಈ ಕಸುಬಿನವರು ಅದನ್ನು ಸ್ನೋಬಾಲ್ ಎನ್ನುತ್ತಾರೆ. ದ್ವಿತೀಯ ಕನ್ನಡಿಯನ್ನು ಹಿಡಿದಿರುವ ಕಾಲಿಗೆ ಎಲ್ಲಿನದೋ ನಕ್ಷತ್ರದ ಬೆಳಕು ಬಡಿದು ಒಳಗೆ ನುಸುಳಿ, ಡಿಟೆಕ್ಟರ್‌ನ ಗೊತ್ತಾದ ಮೂಲೆಗಳಲ್ಲಿ ಹೊಗೆಯೆಳೆಯಂತೆ ಹರಡುತ್ತದೆ. ಅದಕ್ಕೆ ವಿಸ್ಪ್ ಎಂದು ಹೆಸರು. ಇವನ್ನೆಲ್ಲ ತೆಗೆದ ಮೇಲೂ ನಮ್ಮದೇ ಆಕಾಶಗಂಗೆಯ ಕಂದು ಕುಬ್ಜಗಳು ಉಳಿಯುತ್ತವೆ. ನಕ್ಷತ್ರವಾಗಲು ತೂಕ ಸಾಲದ ಈ ತಣ್ಣನೆಯ ಕಾಯಗಳು ನೀಲಿಯಲ್ಲಿ ಕಾಣದೆ ಅವಕೆಂಪಿನಲ್ಲಿ ಕಾಣುತ್ತವೆ. ಬಣ್ಣ ಮಾತ್ರ ನೋಡಿದರೆ ಪಕ್ಕದ ಬೀದಿಯವನೂ ವಿಶ್ವದ ಆಚೆ ತುದಿಯವನೂ ಒಂದೇ. ಕಲೆಗೆ ಸ್ವಲ್ಪವಾದರೂ ಅಗಲ ಇದೆಯೇ ಎಂಬುದೊಂದೇ ಸುಳಿವು.

ಇಷ್ಟು ದಾಟಿ ಬಂದವನ್ನು 'ಈಝೀ' ಎಂಬ ಪ್ರೋಗ್ರಾಮಿಗೆ ಕೊಡುತ್ತೇವೆ. ಹೆಸರನ್ನು ಕೇಳಿ ಮೋಸಹೋಗಬಾರದು. ಅದು ನಾನಾ ಬಗೆಯ ಗೆಲಾಕ್ಸಿಗಳ ಮಾದರಿ ರೋಹಿತಗಳನ್ನು (ಬೆಳಕನ್ನು ತರಂಗಾಂತರವಾಗಿ ಬಿಡಿಸಿ ಹರಡಿದ್ದನ್ನು) ಬೇರೆ ಬೇರೆ ಕೆಂಪು ಪಲ್ಲಟಕ್ಕೆ ಸರಿಸಿ, ಒಂಬತ್ತು ಚೌಕಗಳಲ್ಲಿ ನಾನು ಅಳೆದ ಒಂಬತ್ತು ಅಂಕಿಗಳಿಗೆ ಯಾವುದು ಹೊಂದುತ್ತದೆ ಎಂದು ನೋಡಿ, ಸಂಭವದ ಒಂದು ರೇಖೆ ಎಳೆಯುತ್ತದೆ. ಒಂದೇ ಚೂಪು ಶಿಖರ ಬಂದರೆ ನೆಮ್ಮದಿ. ನನಗೆ ಹೆಚ್ಚಾಗಿ ಬಂದದ್ದು ಎರಡು ಗುಡ್ಡ. ಬಲಗಡೆ 10ರ ಬಳಿ ದೊಡ್ಡದು, ಎಡಗಡೆ 2.6ರ ಬಳಿ ಚಿಕ್ಕದು. ಕಾರಣ ಸ್ಪಷ್ಟ. ಹಳೆಯ ನಕ್ಷತ್ರಗಳ ಗೆಲಾಕ್ಸಿಗಳ ರೋಹಿತದಲ್ಲಿ 0.365 ಮೈಕ್ರಾನ್ ಬಳಿ ಬಾಮರ್ ಮೆಟ್ಟಿಲು ಎಂಬುದೊಂದಿದೆ. 2.6 ಪಲ್ಲಟದಲ್ಲಿ ಆ ಮೆಟ್ಟಿಲು ಕೂಡ 1.3 ಮೈಕ್ರಾನ್‌ಗೇ ಬಂದು ಕೂರುತ್ತದೆ. ಮಾರ್ಗದರ್ಶಕರು ಪ್ರತಿ ಸಲವೂ ಹೇಳುತ್ತಿದ್ದರು: "ಎಡಗಡೆಯ ಗುಡ್ಡ ಸುಳ್ಳು ಎಂದು ತೋರಿಸಿ. ಬಲಗಡೆಯದರ ಮಾತು ಆಮೇಲೆ ಎತ್ತೋಣ." ಸುಳ್ಳು ಎಂದು ತೋರಿಸುವ ಉಪಾಯ ಮತ್ತೆ ಅದೇ, ಮೊದಲ ಚೌಕಗಳು ಎಷ್ಟು ಆಳದವರೆಗೆ ಖಾಲಿ ಇವೆ ಎನ್ನುವುದು. ಬಾಮರ್ ಮೆಟ್ಟಿಲು ಬೆಳಕನ್ನು ತಗ್ಗಿಸುತ್ತದೆ, ಪೂರ್ತಿ ಆರಿಸುವುದಿಲ್ಲ. ಜಲಜನಕದ ಕತ್ತರಿ ಪೂರ್ತಿ ಆರಿಸುತ್ತದೆ.

ಅವರ ಈ ಬಿಗಿಗೆ ಒಂದು ಹಿನ್ನೆಲೆ ಇತ್ತು. ನಾನು ಕೆಲಸ ಮಾಡುತ್ತಿದ್ದ ಇದೇ ಆಕಾಶದ ಚೂರಿನಲ್ಲಿ 2022ರ ಜುಲೈನಲ್ಲಿ ಒಂದು ಗೆಲಾಕ್ಸಿ ಸಿಕ್ಕಿ ಜಗತ್ತೆಲ್ಲ ಸುದ್ದಿಯಾಗಿತ್ತು. ಸೀರ್ಸ್-93316. ಪಲ್ಲಟ 16.4 ಎಂದು ಅಂದಾಜು. ನಿಜವಾಗಿದ್ದರೆ ಬಿಗ್ ಬ್ಯಾಂಗ್ ಆಗಿ 25 ಕೋಟಿ ವರ್ಷವೂ ತುಂಬದಿದ್ದ ಕಾಲದ್ದು. ಅದನ್ನೇ ಪರಿಶೀಲಿಸಿದ ಇನ್ನೊಂದು ತಂಡ ತನ್ನ ಪ್ರಬಂಧದ ಶೀರ್ಷಿಕೆಯಲ್ಲಿ, ಏಕಕಾಲಕ್ಕೆ ಬದುಕಿಯೂ ಸತ್ತೂ ಇರುವ ಬೆಕ್ಕಿನ ಕಲ್ಪನೆ ಕೊಟ್ಟ ಷ್ರೋಡಿಂಗರ್‌ನ ಹೆಸರು ಎಳೆತಂದು, ಇದು 17 ಆಗಿರಬಹುದು, 5 ಕೂಡ ಆಗಿರಬಹುದು ಎಂದು ಬರೆಯಿತು. 2023ರ ವಸಂತದಲ್ಲಿ ವೆಬ್‌ನ ರೋಹಿತದರ್ಶಕವನ್ನು ಅದರ ಮೇಲೆ ನೆಟ್ಟರು. ಪಲ್ಲಟ 4.9 ಎಂದು ಬಂತು.

ಏಕೆ ಹಾಗಾಯಿತು ಎನ್ನುವುದನ್ನು ನಾನು ಒಂದು ಸಂಜೆ ಕಾಗದದ ಮೇಲೆ ಲೆಕ್ಕ ಹಾಕಿ ನೋಡಿದೆ. 4.9 ಪಲ್ಲಟದಲ್ಲಿ ಎಲ್ಲ ತರಂಗಾಂತರವೂ 5.9 ಪಟ್ಟು ಹಿಗ್ಗಿರುತ್ತದೆ. ಬಿಸಿ ಅನಿಲದ ಆಮ್ಲಜನಕ ಹೊಮ್ಮಿಸುವ 0.5007 ಮೈಕ್ರಾನ್‌ನ ರೇಖೆ 2.95ಕ್ಕೆ ಬಂದು ಎಫ್277ಡಬ್ಲ್ಯೂ ಫಿಲ್ಟರ್‌ನೊಳಗೆ ಬೀಳುತ್ತದೆ. ಜಲಜನಕದ 0.6563ರ ಕೆಂಪು ರೇಖೆ 3.87ಕ್ಕೆ ಬರುತ್ತದೆ. ಅಲ್ಲಿ ಮೂರು ಫಿಲ್ಟರ್‌ಗಳ ಅಂಚುಗಳು ಒಂದರ ಮೇಲೊಂದು ಏರಿಕೊಂಡಿವೆ: ಎಫ್356ಡಬ್ಲ್ಯೂ, ಎಫ್410ಎಂ, ಎಫ್444ಡಬ್ಲ್ಯೂ. ಒಂದೇ ರೇಖೆ ಮೂರಕ್ಕೂ ಬೆಳಕು ಸುರಿಯುತ್ತದೆ! ಹೀಗೆ ಕೊನೆಯ ನಾಲ್ಕು ಚೌಕಗಳೂ ಒಂದೇ ಸಮ ಹೊಳೆದವು. ಮೊದಲ ಚೌಕಗಳನ್ನು ದೂಳು ಮಂದ ಮಾಡಿತು. ಪಲ್ಲಟ ಸ್ವಲ್ಪ ಅತ್ತಿತ್ತ ಇದ್ದಿದ್ದರೆ ಈ ನಾಟಕ ನಡೆಯುತ್ತಿರಲಿಲ್ಲ. ಲೆಕ್ಕ ಮುಗಿದ ಮೇಲೆ, 16.4 ಎಂದು ಅಂದಾಜು ಮಾಡಿದ್ದ ಆ ಮೊದಲ ತಂಡದ ಬಗ್ಗೆ ನನಗೆ ಗೌರವ ಹೆಚ್ಚಿತು. ಒಂಬತ್ತು ಅಂಕಿಗಳಿಂದ ಅದನ್ನು ಖಚಿತವಾಗಿ ಹಿಡಿಯಲು ಯಾರಿಂದಲೂ ಆಗುತ್ತಿರಲಿಲ್ಲ. ಅದೇ ಕಂತಿನ ರೋಹಿತಗಳಲ್ಲಿ ಫಿಂಕೆಲ್‌ಸ್ಟೈನ್ ತಮ್ಮ ಮಗಳ ಹೆಸರಿಟ್ಟಿದ್ದ ಗೆಲಾಕ್ಸಿ 11.4ಕ್ಕೆ ಗಟ್ಟಿಯಾಗಿ ನಿಂತಿತು.

ಇದೇ ಹೊತ್ತಿಗೆ ಕುಟುಂಬದ ವಾಟ್ಸ್ಆ್ಯಪ್ ಗುಂಪಿನಲ್ಲಿ ದೊಡ್ಡಪ್ಪ ಒಂದು ವಿಡಿಯೊ ಹಾಕಿ ಫೋನನ್ನೂ ಮಾಡಿದರು. "ಏನೇ ಕೂಸೇ, ಬಿಗ್ ಬ್ಯಾಂಗ್ ನಡೆದೇ ಇಲ್ಲವಂತೆ? ನಿನ್ನ ಪಿಎಚ್.ಡಿ. ಗತಿ ಏನು?" ಅವರು ಕೇಳಿದ್ದು 2023ರ ಫೆಬ್ರವರಿಯಲ್ಲಿ ನೇಚರ್ ಪತ್ರಿಕೆಯಲ್ಲಿ ಬಂದ ಪ್ರಬಂಧದ ಗುಲ್ಲು. ಬಿಗ್ ಬ್ಯಾಂಗ್ ಆದ 50ರಿಂದ 70 ಕೋಟಿ ವರ್ಷದೊಳಗೆ ಇರಬಾರದಷ್ಟು ಭಾರದ ಆರು ಗೆಲಾಕ್ಸಿ ಅಭ್ಯರ್ಥಿಗಳು, ಅವೂ ಇದೇ ಸೀರ್ಸ್ ಚಿತ್ರಗಳಲ್ಲಿ. ಅಭ್ಯರ್ಥಿ ಎಂಬ ಮಾತು ವಿಡಿಯೊದವರ ಬಾಯಲ್ಲಿ ಉದುರಿಹೋಗಿತ್ತು. ಮುಂದೆ ಆರರಲ್ಲಿ ಒಂದರ ರೋಹಿತ ತೆಗೆದಾಗ ಅದು 5.6ರ ಪಲ್ಲಟದ್ದೆಂದೂ ಅದರ ನಡುವೆ ಅನಿಲ ನುಂಗುತ್ತಿರುವ ಕಪ್ಪುಕುಳಿ ಇದೆಯೆಂದೂ ತಿಳಿಯಿತು. ಕಪ್ಪುಕುಳಿಯ ಸುತ್ತಲಿನ ಬೆಳಕನ್ನು ನಕ್ಷತ್ರಗಳ ಲೆಕ್ಕಕ್ಕೆ ಹಿಡಿದರೆ ತೂಕ ಹೆಚ್ಚಾಗದೆ ಇನ್ನೇನು?

ದೊಡ್ಡಪ್ಪನಿಗೆ ನಾನು ಇದನ್ನೆಲ್ಲ ಹೇಳುತ್ತಾ, ಬಿಗ್ ಬ್ಯಾಂಗನ್ನು ಒಪ್ಪದ ದೊಡ್ಡ ವಿಜ್ಞಾನಿ ನಮ್ಮಲ್ಲೇ ಇದ್ದರು ಎಂದೂ ಹೇಳಿದೆ. ಜಯಂತ ನಾರಳೀಕರ್. ಫ್ರೆಡ್ ಹೊಯ್ಲ್ ಮತ್ತು ಜೆಫ್ರಿ ಬರ್ಬಿಜ್ ಜೊತೆ ಸೇರಿ 1993ರಲ್ಲಿ ಬೇರೆಯೇ ಒಂದು ವಿಶ್ವಸಿದ್ಧಾಂತ ಮಂಡಿಸಿದವರು, 2025ರಲ್ಲಿ ತೀರಿಕೊಂಡರು. ಐಯುಕಾದ ಸ್ಥಾಪಕ ನಿರ್ದೇಶಕರೂ ಅವರೇ. ಅವರು ಕಟ್ಟಿದ ಮನೆಯಲ್ಲಿ ಕುಳಿತು ಬಿಗ್ ಬ್ಯಾಂಗ್ ನಂತರದ ಮೊದಲ ಗೆಲಾಕ್ಸಿಗಳನ್ನು ಹುಡುಕುವುದಕ್ಕೆ ಯಾರೂ ಅಡ್ಡಿ ಮಾಡಲಿಲ್ಲ. "ಹಾಗಾದರೆ ಜಗಳ ಇಲ್ಲವೇ?" ಎಂದರು ದೊಡ್ಡಪ್ಪ, ಸ್ವಲ್ಪ ನಿರಾಸೆಯಿಂದ.

ಜಗಳ ಇದೆ, ಆದರೆ ಬೇರೆ ಕಡೆ. 10ರ ಪಲ್ಲಟದಾಚೆ ಪ್ರಕಾಶಮಾನ ಗೆಲಾಕ್ಸಿಗಳ ಸಂಖ್ಯೆ ಬೇಗನೆ ಕುಸಿಯಬೇಕು ಎಂದು ಹಳೆಯ ಲೆಕ್ಕಗಳು ಹೇಳಿದ್ದವು. ವೆಬ್ ನೋಡಿದರೆ ಅಷ್ಟು ಬೇಗ ಕುಸಿದಿಲ್ಲ. 2024ರಲ್ಲಿ ಪ್ರಕಟವಾದ ಜೇಡ್ಸ್-ಜಿಎಸ್-ಝಡ್14-0 ಎಂಬ ಗೆಲಾಕ್ಸಿ ಬಿಗ್ ಬ್ಯಾಂಗ್ ಆಗಿ 30 ಕೋಟಿ ವರ್ಷವೂ ಆಗದಿದ್ದಾಗಲೇ ಝಗಝಗಿಸುತ್ತಿತ್ತು. ಮರುವರ್ಷ ಚಿಲಿಯ ಆಲ್ಮಾ ರೇಡಿಯೊ ದೂರದರ್ಶಕ ಅದರಲ್ಲಿ ಆಮ್ಲಜನಕವನ್ನೂ ಪತ್ತೆ ಹಚ್ಚಿತು. ಆಮ್ಲಜನಕ ಇರಬೇಕಾದರೆ ಅದಕ್ಕೂ ಮುಂಚೆ ಒಂದು ತಲೆಮಾರು ನಕ್ಷತ್ರಗಳು ಹುಟ್ಟಿ ಸತ್ತಿರಬೇಕು. ಅನಿಲ ಅಷ್ಟು ಚುರುಕಾಗಿ ನಕ್ಷತ್ರವಾಯಿತೇ, ನಕ್ಷತ್ರಗಳು ಬಿಟ್ಟು ಬಿಟ್ಟು ಒಮ್ಮೆಲೇ ಹುಟ್ಟುವುದರಿಂದ ಹೊಳಪಿನ ಹೊತ್ತಿನಲ್ಲಿ ಇದ್ದವು ಮಾತ್ರ ನಮ್ಮ ಕಣ್ಣಿಗೆ ಬೀಳುತ್ತಿವೆಯೇ, ಅಥವಾ ಆಗ ಭಾರಿ ನಕ್ಷತ್ರಗಳ ಪ್ರಮಾಣವೇ ಹೆಚ್ಚಿತ್ತೇ? ನನ್ನ ಒಲವು ಎರಡನೆಯದರ ಕಡೆಗೆ. ಮೂರನ್ನೂ ಬೇರ್ಪಡಿಸುವಷ್ಟು ರೋಹಿತಗಳು ಇನ್ನೂ ಕೈಗೆ ಬಂದಿಲ್ಲ.

ಊರಿನ ಅಭಿಮಾನದಿಂದ ಒಂದು ಅಡ್ಡ ಮಾತು. ಈ ಆದಿಕಾಲದ ಹುಡುಕಾಟ ನಮ್ಮ ಶರಾವತಿ ಹಿನ್ನೀರಿನಲ್ಲೂ ನಡೆದಿದೆ. ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ವಿಜ್ಞಾನಿಗಳು 2020ರ ಆರಂಭದಲ್ಲಿ ಸಾರಸ್-3 ಎಂಬ ರೇಡಿಯೊ ಆಂಟೆನಾವನ್ನು ಚಿಕ್ಕಬಳ್ಳಾಪುರ ಜಿಲ್ಲೆಯ ದಂಡಿಗಾನಹಳ್ಳಿ ಕೆರೆಯ ಮೇಲೂ ಇಲ್ಲಿನ ಹಿನ್ನೀರಿನ ಮೇಲೂ ತೇಲಿಬಿಟ್ಟರು. ನೆಲದ ಮೇಲಿಟ್ಟರೆ ಕೆಳಗಿನ ಮಣ್ಣು ಕಲ್ಲಿನ ಪದರಗಳು ಅಳತೆಯನ್ನು ಕೆಡಿಸುತ್ತವೆ. ನೀರಾದರೆ ಅಡಿಯೆಲ್ಲ ಒಂದೇ ಸಮ. ಅಮೆರಿಕದ ಎಡ್ಜಸ್ ತಂಡ 2018ರಲ್ಲಿ, ಮೊದಲ ನಕ್ಷತ್ರಗಳ ಕಾಲದ ಜಲಜನಕದ ಗುರುತು 78 ಮೆಗಾಹರ್ಟ್ಸ್ ಬಳಿ ರೇಡಿಯೊ ಸಂಕೇತದಲ್ಲಿ ಒಂದು ತಗ್ಗಾಗಿ ಸಿಕ್ಕಿದೆ ಎಂದಿತ್ತು. ಸಾರಸ್ ಅದನ್ನು ಹುಡುಕಿತು, ಸಿಗಲಿಲ್ಲ. ಆ ತಗ್ಗು ಆಕಾಶದಿಂದ ಬಂದದ್ದಲ್ಲ ಎಂದು ಶೇಕಡಾ 95.3ರ ವಿಶ್ವಾಸದೊಂದಿಗೆ 2022ರಲ್ಲಿ ಪ್ರಕಟಿಸಿದರು. ಅಷ್ಟಕ್ಕೇ ಬಿಡಲಿಲ್ಲ. ಸಿಗದಿರುವುದರಿಂದಲೇ, ಬಿಗ್ ಬ್ಯಾಂಗ್ ಆದ 20 ಕೋಟಿ ವರ್ಷದ ಹೊತ್ತಿನ ಗೆಲಾಕ್ಸಿಗಳು ರೇಡಿಯೊ ಅಲೆಯಲ್ಲಿ ಎಷ್ಟು ಪ್ರಕಾಶಮಾನವಾಗಿರಲು ಸಾಧ್ಯವಿಲ್ಲ ಎಂಬುದಕ್ಕೂ ಮಿತಿ ಹಾಕಿದರು. ಖಾಲಿ ವೃತ್ತಗಳನ್ನು ಅಳೆದು ಬೇಸರ ಬಂದಾಗ ನಾನು ಆ ಪ್ರಬಂಧವನ್ನು ಮತ್ತೆ ತೆಗೆದು ಓದಿದ್ದುಂಟು.

ಕೊನೆಗೆ ನನ್ನ ಪಟ್ಟಿಯಲ್ಲಿ ಬೆರಳೆಣಿಕೆಯಷ್ಟು ಉಳಿದವು. ಬಹುಪಾಲು ಬೇರೆ ತಂಡಗಳ ಪಟ್ಟಿಗಳಲ್ಲಿ ಆಗಲೇ ಇದ್ದವು. ಅದರಿಂದ ಬೇಸರವಾಗಲಿಲ್ಲ, ಸ್ವತಂತ್ರವಾಗಿ ಲೆಕ್ಕ ಹಾಕಿ ಅದೇ ಜಾಗಕ್ಕೆ ಬಂದು ನಿಂತದ್ದರಿಂದ ನನ್ನ ದಾರಿ ಸರಿ ಇದೆ ಎಂದು ಗೊತ್ತಾಯಿತು. ಕೆಲವಕ್ಕೆ ರೋಹಿತವೂ ಇತ್ತು. ವೆಬ್‌ನ ರೋಹಿತದರ್ಶಕದಲ್ಲಿ ಸುಮಾರು ಎರಡೂವರೆ ಲಕ್ಷ ಪುಟ್ಟ ಕಿಟಕಿಗಳಿವೆ, ಒಂದೊಂದೂ ಕೂದಲೆಳೆಯ ಅಗಲದ್ದು. ಬೇಕಾದ ಗೆಲಾಕ್ಸಿಗಳ ಎದುರಿನವನ್ನು ಮಾತ್ರ ತೆರೆದು ಒಮ್ಮೆಲೇ ಹತ್ತಾರು ರೋಹಿತ ತೆಗೆಯಬಹುದು. ಹೀಗೆ ತೆಗೆದವನ್ನು ಕೋಪನ್‌ಹೇಗನ್‌ನ ಕಾಸ್ಮಿಕ್ ಡಾನ್ ಕೇಂದ್ರದವರು ಒಪ್ಪವಾಗಿ ಸಂಸ್ಕರಿಸಿ ಎಲ್ಲರಿಗೂ ಸಿಗುವಂತೆ ಇಟ್ಟಿದ್ದಾರೆ. ಅವರ ಉಪಕಾರ ದೊಡ್ಡದು.

ನನ್ನ ಪಟ್ಟಿಯ ಒಂದರ ಸಂಖ್ಯೆ ಕೊಟ್ಟು ಹುಡುಕಿದೆ. ಉದ್ದನೆಯ ಬೂದು ಪಟ್ಟಿಯೊಂದು ಪರದೆಯ ಮೇಲೆ ಬಂತು. ಎಡದಿಂದ ಬಲಕ್ಕೆ ತರಂಗಾಂತರ ಹೆಚ್ಚುತ್ತಾ ಹೋಗುತ್ತದೆ. 0.6, 0.8, 1.0, 1.2 ಮೈಕ್ರಾನ್: ಬರೀ ಗದ್ದಲ. 1.3 ದಾಟಿದ ಕೂಡಲೇ ನಡುವೆ ಒಂದು ಬಿಳಿ ಗೆರೆ ಶುರುವಾಗಿ ಬಲಕ್ಕೆ ತೆಳುವಾಗುತ್ತಾ ಸಾಗಿತು. ಅದರ ಮೇಲೊಂದು ಕೆಳಗೊಂದು ಕಪ್ಪು ಗೆರೆ. ಹಿನ್ನೆಲೆಯನ್ನು ಕಳೆಯಲು ಗೆಲಾಕ್ಸಿಯನ್ನು ಮೂರು ಕಿಟಕಿಗಳಲ್ಲಿ ಸರಿಸಿ ಸರಿಸಿ ನೋಡಿದ್ದರ ನೆರಳು ಅವು. ಕೃತಕ ಕಲೆಗೆ ಇಂಥ ಅವಳಿ ನೆರಳು ಬೀಳುವುದು ಅಪರೂಪ. ಎಡಗಡೆಯ ಗುಡ್ಡವನ್ನು ಅಳಿಸಲು ನಾನು ಪಟ್ಟ ಪಾಡೆಲ್ಲ ಆ ಪಟ್ಟಿಯಲ್ಲಿ ಒಂದೇ ನೋಟಕ್ಕೆ ಮುಗಿದಿತ್ತು. ನನ್ನ ಅಭ್ಯರ್ಥಿಗಳಲ್ಲಿ ಇನ್ನೊಂದರ ರೋಹಿತ ತೆಗೆದು ನೋಡಿದರೆ ಎರಡು ಚೂಪು ರೇಖೆಗಳು ಎದ್ದು ಕುಳಿತಿದ್ದವು: ನಾಲ್ಕೂವರೆ ಚಿಲ್ಲರೆ ಪಲ್ಲಟ, 93316ರ ತಂಗಿ. ಕೆಂಪು ಗೆರೆ ಎಳೆದು ಹೊರಗೆ ಹಾಕಿದೆ.

ಈಗ ನಡೆಯುತ್ತಿರುವುದು ಇನ್ನೊಂದು ಬಗೆಯ ಲೆಕ್ಕ. ಪಟ್ಟಿಯಲ್ಲಿ ಇಷ್ಟು ಗೆಲಾಕ್ಸಿಗಳಿವೆ ಎಂದ ಮಾತ್ರಕ್ಕೆ ಆಕಾಶದಲ್ಲಿ ಅಷ್ಟೇ ಇವೆ ಎಂದಾಗುವುದಿಲ್ಲ. ಎಷ್ಟು ಕೈ ತಪ್ಪಿವೆ ಎಂದೂ ಹೇಳಬೇಕು. ಅದಕ್ಕಾಗಿ ಚಿತ್ರದೊಳಗೆ ಸುಳ್ಳು ಗೆಲಾಕ್ಸಿಗಳನ್ನು ನೆಟ್ಟು, ಮೊದಲಿನಿಂದ ಎಲ್ಲ ಜರಡಿಗಳನ್ನೂ ಹಿಡಿದು, ಎಷ್ಟು ವಾಪಸು ಸಿಗುತ್ತವೆ ಎಂದು ನೋಡಬೇಕು. ಮಂದವಾದವು ಹೆಚ್ಚು ಕಳೆದುಹೋಗುತ್ತವೆ, ದೊಡ್ಡ ಗೆಲಾಕ್ಸಿಯ ಪಕ್ಕ ಬಿದ್ದವಂತೂ ಹೋದಂತೆಯೇ. ಪ್ರತಿ ಪ್ರಕಾಶಕ್ಕೂ, ಪ್ರತಿ ಗಾತ್ರಕ್ಕೂ, ಪ್ರತಿ ಪಲ್ಲಟಕ್ಕೂ ಇದನ್ನು ಮತ್ತೆ ಮತ್ತೆ ಓಡಿಸಬೇಕು. ರಾತ್ರಿ ಲ್ಯಾಪ್‌ಟಾಪ್‌ಗೆ ಕೆಲಸ ಹಚ್ಚಿ ಮಲಗುತ್ತೇನೆ. ಕರೆಂಟು ಹೋಗದಿದ್ದರೆ ಬೆಳಿಗ್ಗೆ ಕಾಲೇಜಿಗೆ ಹೊರಡುವ ಮೊದಲು ಒಂದು ಕೋಷ್ಟಕ ಸಿಗುತ್ತದೆ.

ಅದು ಮುಗಿದರೆ ಮಹಾಪ್ರಬಂಧದ ಮೂರನೆಯ ಅಧ್ಯಾಯ ಮುಗಿದಂತೆ. ನಾಲ್ಕನೆಯದು ಎಫ್150ಡಬ್ಲ್ಯೂನಲ್ಲೂ ಕಾಣದವುಗಳದ್ದು, ಅಂದರೆ ಪಲ್ಲಟ 13ರ ಆಚೆಗಿನವು. ಸದ್ಯಕ್ಕೆ ಆ ಪಟ್ಟಿಯಲ್ಲಿ ಒಂದೇ ಒಂದು ಇದೆ. ಅದರ ಮೇಲೂ ನನಗೆ ಅಷ್ಟಾಗಿ ನಂಬಿಕೆಯಿಲ್ಲ.